ಎಮ್ಮೆಯ ನೆರಳು, ಪಂಪಿನ ನೀರು

ಕೊರೊನಾ ಮುಗಿದ ಮರುವರ್ಷ ನಾನು ಆಳಂದ ತಾಲೂಕಿನಲ್ಲಿ ಸೌರ ಪಂಪ್‌ಸೆಟ್‌ಗಳ ತಪಾಸಣಾ ಎಂಜಿನಿಯರ್ ಆಗಿದ್ದೆ. ಡೀಸೆಲ್ ಎಂಜಿನ್ ಬಿಟ್ಟು ಬಿಸಿಲಿನಿಂದ ನೀರೆತ್ತುವ ಪಂಪುಗಳು ಹೊಲಗಳಿಗೆ ಬರತೊಡಗಿದ್ದ ಕಾಲ. ಬಿಸಿಲನ್ನು ಬೈಯುತ್ತಲೇ ಬೆಳೆದ ನನಗೆ ಅದನ್ನು ಹೊಗಳುವುದೇ ನೌಕರಿಯಾಯಿತು.

ಸರಸಂಬಾ ಹಳ್ಳಿಯಿಂದ ಒಂದು ದೂರು ಬಂತು. ಶರಣಮ್ಮ ಎಂಬ ರೈತ ಮಹಿಳೆಯ ಪಂಪು ಪಕ್ಕದ ಹೊಲದ ಮಲ್ಲಪ್ಪನ ಪಂಪಿಗಿಂತ ಹೆಚ್ಚು ನೀರೆತ್ತುತ್ತಿದೆ. ಎರಡು ಪಂಪುಗಳೂ ಮೂರು ಎಚ್‌ಪಿಯವು, ಒಂದೇ ದಿನ ಕೂಡಿಸಿದವು. ಆಕೆ ಕಂಬದಿಂದ ಕಳ್ಳ ವೈರು ಎಳೆದಿದ್ದಾಳೆ ಎಂಬುದು ಮಲ್ಲಪ್ಪನ ವಾದ. ನಿಜವಾಗಿದ್ದರೆ ಪಂಪು ಕಿತ್ತು ತರಬೇಕಿತ್ತು. ನನಗೂ ಅನುಮಾನವೇ. ನಮ್ಮ ಲೆಕ್ಕ ಮೀರಿ ನೀರು ಬಂದರೆ ಅದು ಕಳವೇ ಎಂದು ನಂಬುವವರು ನಾವು ಎಂಜಿನಿಯರುಗಳು.

ಬೆಳಿಗ್ಗೆಯಿಂದ ಮೀಟರ್ ಹಿಡಿದು ಬಾವಿಯ ಸುತ್ತ ಹುಡುಕಿದೆ. ಒಂದು ವೈರೂ ಸಿಗಲಿಲ್ಲ. ಶರಣಮ್ಮ ಅಷ್ಟು ಹೊತ್ತೂ ಬದು ಬಿಟ್ಟು ಕದಲದೆ ನಿಂತಿದ್ದರು. ಅವರ ತರಕಾರಿ ಬೆಳೆಯೆಲ್ಲ ಆ ನೀರನ್ನೇ ನಂಬಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹತ್ತಿರ ಬಂದರು.

"ಪಂಪ ಒಯ್ಯಬ್ಯಾಡ್ರಿ ಸಾಹೇಬ್ರ. ನಾ ಏನೂ ಕದ್ದಿಲ್ರಿ."

ಅಷ್ಟರಲ್ಲಿ ಎಮ್ಮೆ ಕೂಗಿತು. ಪ್ಯಾನೆಲ್‌ಗಳ ಎರಡು ಸ್ಟ್ಯಾಂಡುಗಳಲ್ಲಿ ಒಂದರ ನೆರಳಿಗೆ ಎಮ್ಮೆ, ಇನ್ನೊಂದರ ನೆರಳಿಗೆ ಕರು ಕಟ್ಟಿದ್ದರು. ಶರಣಮ್ಮ ಮಾತು ಅಲ್ಲಿಗೇ ಬಿಟ್ಟು ಹೋಗಿ, ಹಿಡಿಕೆ ಹಿಡಿದು ಎರಡೂ ಸ್ಟ್ಯಾಂಡುಗಳ ಪ್ಯಾನೆಲ್‌ಗಳನ್ನು ಪಶ್ಚಿಮಕ್ಕೆ ತಿರುಗಿಸಿದರು. ಪಂಪು ನಡೆಸುವ ಪೆಟ್ಟಿಗೆಯಾದ ಕಂಟ್ರೋಲರಿನ ಪರದೆಯ ಮೇಲೆ ವ್ಯಾಟ್ ಅಂಕಿ ಸರಸರ ಏರಿತು. ಏಕೆ ತಿರುಗಿಸಿದಿರಿ ಎಂದು ಕೇಳಿದೆ.

"ಎಮ್ಮಿಗಿ ನೆಳ್ಳ ಸಾಲಂಗಿಲ್ರಿ. ಪ್ಲೇಟ ತಿರುವಿದ್ರ ನೆಳ್ಳ ದೊಡ್ಡದಾಗ್ತದ. ದಿನಾ ಹತ್ತು ಸಲ ತಿರುವತೇನ್ರಿ."

ನಾನು ನಕ್ಕುಬಿಟ್ಟೆ. ಪ್ಯಾನೆಲ್ ಸೂರ್ಯನಿಗೆ ನೇರ ಎದುರಾದಾಗಲೇ ಅದರ ನೆರಳೂ ದೊಡ್ಡದು, ಕರೆಂಟೂ ಹೆಚ್ಚು. ದಿನಕ್ಕೆ ಮೂರು ಸಲ ತಿರುಗಿಸಿ ಎಂದು ನಾವು ಹೇಳಿದ್ದೆವು. ಪಕ್ಕದ ಹೊಲದಲ್ಲಿ ವಿಚಾರಿಸಿದರೆ, ಮಲ್ಲಪ್ಪ ಒಮ್ಮೆಯೂ ತಿರುಗಿಸಿರಲಿಲ್ಲ. ವರದಿಯಲ್ಲಿ 'ಹೆಚ್ಚುವರಿ ನೀರಿಗೆ ಕಾರಣ' ಎಂಬಲ್ಲಿ 'ಎಮ್ಮೆ' ಎಂದು ಬರೆದು ಸಹಿ ಹಾಕಿದೆ. ಪಂಪು ಇಲ್ಲೇ ಇರುತ್ತದೆ ಎಂದಾಗ ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಷ್ಟು ಸಂತೋಷದ ತಪಾಸಣೆ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಅಲ್ಲಿಯವರೆಗೆ ತರಬೇತಿಗಳಲ್ಲಿ ನಾನು ಕೋನ, ಡಿಗ್ರಿ ಎಂದು ಬೋರ್ಡು ತುಂಬಿಸುತ್ತಿದ್ದೆ. ರೈತರು ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಅಫಜಲಪುರ, ಜೇವರ್ಗಿ ಎಲ್ಲಿಗೆ ಹೋದರೂ ಹೊಲಕ್ಕೇ ಕರೆದೊಯ್ದು, ನೆರಳು ದೊಡ್ಡದಾಗುವಂತೆ ತಿರುಗಿಸಿ ಎಂದಷ್ಟೇ ಹೇಳಿದೆ. ಎಲ್ಲರಿಗೂ ತಿಳಿಯಿತು.

ನೌಕರಿ ನನಗೆ ಕಲಿಸಿದ್ದು ಇಷ್ಟು: ಲೆಕ್ಕ ತಪ್ಪಿದಾಗ ಕಳ್ಳರನ್ನು ಹುಡುಕುವ ಮೊದಲು ಕೆಲಸ ಮಾಡುವವರನ್ನು ಕೇಳಬೇಕು. ಬೆಳಿಗ್ಗೆಯೇ ಕೇಳಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಶರಣಮ್ಮ ಅಷ್ಟು ಹೊತ್ತು ಅಂಜಿಕೊಂಡು ನಿಲ್ಲಬೇಕಿರಲಿಲ್ಲ.