ಕುರಿನಾಯಿ ಕಾಯಿಲೆ ಬಿದ್ದ ವರ್ಷ

ನನ್ನನ್ನು ಸೊರಬದ ಕುಪ್ಪಗಡ್ಡೆ ಕಡೆಯಿಂದ ಬಳ್ಳಿಗಾವಿ ಹತ್ತಿರದ ಊರಿಗೆ ಕೊಟ್ಟಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ತವರಿನಲ್ಲಿ ಭತ್ತದ ಗದ್ದೆ ಬಿಟ್ಟರೆ ಬೇರೆ ಕಂಡವಳಲ್ಲ ನಾನು. ಗಂಡನ ಮನೆಯಲ್ಲಿ ಹೊಲದ ಜೊತೆ ಕುರಿ ಹಿಂಡೂ ಇತ್ತು. ಅದನ್ನು ಮೇಯಿಸಿಕೊಂಡು ಬರುತ್ತಿದ್ದವರು ಮಾವ, ಜೊತೆಗೆ ಒಂದು ಕಂದು ಬಣ್ಣದ ಹೆಣ್ಣುನಾಯಿ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಮಾವ ನಾಲಿಗೆ ಲೊಚಗುಟ್ಟಿದರೆ ಸಾಕು, ಹಿಂಡಿನ ಆ ತುದಿಯಿಂದ ಈ ತುದಿಗೆ ಓಡಿಬರುತ್ತಿತ್ತು. ನಾನು ಕರೆದರೆ ಮಾತ್ರ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ಮಾವನೂ ಹಾಗೆಯೇ. ಸೊಸೆಯ ಜೊತೆ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ನಾನು ಒಳಗೆ ಬಂದರೆ ಅವರು ಹೊರಗೆ ಹೋಗುವರು. ಮದುವೆಯಾಗಿ ವರ್ಷ ಕಳೆದರೂ ಅವರ ದನಿಯನ್ನು ಗೋಡೆಯಾಚೆಯಿಂದಲೇ ಕೇಳಿದ್ದೆ.

ದೀಪಾವಳಿ ಕಳೆದ ಮೇಲೆ ನಾಯಿಗೆ ಜ್ವರ ಬಂತು. ಮೂಗು ಸೋರಿತು, ಕಣ್ಣು ಪಿಚ್ಚುಗಟ್ಟಿ ಅಂಟಿಕೊಂಡಿತು. ಆಮೇಲೆ ಹಿಂಗಾಲು ಸೋತು ಬಿದ್ದುಕೊಂಡಿತು. ಮಲಗಿದಲ್ಲೇ ದವಡೆ ಅದುರುತ್ತಿತ್ತು. ಹುಚ್ಚು ಹಿಡಿದಿದೆ ಎಂದು ಓಣಿಯವರು ಹತ್ತಿರ ಬರಲಿಲ್ಲ. ನನ್ನ ಗಂಡ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಶಿಕಾರಿಪುರದ ದನದ ಆಸ್ಪತ್ರೆಗೆ ಹೋದರು. ಡಾಕ್ಟರು ನೋಡಿ ಇದು ಹುಚ್ಚಲ್ಲ, ಜ್ವರ ನರಕ್ಕೆ ಇಳಿದಿದೆ, ಇದನ್ನು ವಾಸಿ ಮಾಡುವ ಮದ್ದು ತಮ್ಮ ಹತ್ತಿರ ಇಲ್ಲ ಎಂದರಂತೆ. ಶುಚಿಯಾಗಿಡಿ, ನೀರು ಕುಡಿಸುತ್ತಿರಿ, ಮಗ್ಗುಲು ಬದಲಿಸುತ್ತಿರಿ ಎಂದು ಹೇಳಿ ಕಳಿಸಿದರು.

ಎದುರು ಮನೆಯ ಹಿರಿಯರು ಬಂದು ದೂರದಲ್ಲೇ ನಿಂತರು. "ಇದು ಉಳಿಯಂಗಿಲ್ಲ ಬಿಡ್ರಿ. ನರಳಿಸಬ್ಯಾಡ್ರಿ, ಒಂದೇಟಿಗೆ ಮುಗಿಸ್ರಿ."

ಮಾವ ನಾಯಿಯ ತಲೆ ಸವರುತ್ತಾ ಕೂತಿದ್ದರು. "ನನ್ನ ಮರಿಗೋಸ್ಕರ ತೋಳದ ಎದುರಿಗೆ ನಿಂತದ್ದೈತಿ ಇದು. ಉಸಿರಿರೋವರೆಗೂ ಇಲ್ಲೇ ಇರ್ತೈತಿ," ಎಂದರು.

ಆದರೆ ಕುರಿ ಬಿಟ್ಟು ಅವರು ಮನೆಯಲ್ಲಿ ಕೂರುವಂತಿರಲಿಲ್ಲ. ಅತ್ತೆಗೆ ಸೊಂಟ ನೋವು. ನಾಯಿಯ ಆರೈಕೆ ನನ್ನ ಪಾಲಿಗೆ ಬಂತು. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹಾಸಿ, ಮೇಲೊಂದು ಹಳೇ ಕಂಬಳಿ ಹಾಸಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸುತ್ತಿದ್ದೆ. ರಾಗಿ ಗಂಜಿ ತೆಳ್ಳಗೆ ಮಾಡಿ ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಡುತ್ತಿದ್ದೆ. ಅರ್ಧ ನನ್ನ ಸೀರೆಯ ಪಾಲು. ಮೊದಮೊದಲು ನನ್ನ ಕೈ ತಾಗಿದರೆ ಸಣ್ಣಗೆ ಗುರ್ರೆನ್ನುತ್ತಿತ್ತು. ಎದ್ದು ಹೋಗಲು ಆಗದ್ದಕ್ಕೆ ಸಹಿಸಿಕೊಳ್ಳುತ್ತಿತ್ತು, ಅಷ್ಟೇ.

ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದವರೇ ಮಾವ ಅದರ ಪಕ್ಕ ಕೂತು ದಿನದ ಸುದ್ದಿ ಹೇಳುತ್ತಿದ್ದರು. "ಮಗಳೇ, ಆ ಕೊಂಬು ಮುರಕಿ ಇವತ್ತೂ ಜ್ವಾಳದ ಹೊಲಕ್ಕೆ ನುಗ್ಗಿತು ನೋಡು. ನೀನಿದ್ದಿದ್ರೆ ನುಗ್ಗಾಕ ಬಿಡ್ತಿದ್ದಿಲ್ಲ." ಒಮ್ಮೆ ನಾನು ಗಂಜಿಯ ತಪ್ಪಲೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾವ ಎದ್ದುಹೋಗಲಿಲ್ಲ. ನಾಯಿಯ ಕಡೆ ನೋಡುತ್ತಲೇ, "ನಿಮ್ಮಕ್ಕಗೆ ಹೇಳವ್ವ, ಕಾಲಿಗೆ ಹರಳೆಣ್ಣಿ ಬೆಚ್ಚಗೆ ಮಾಡಿ ತಿಕ್ಕು ಅಂತ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಾನೂ ನಾಯಿಗೇ ಹೇಳಿದೆ. "ಮಾವಂಗೆ ಹೇಳು, ಎಣ್ಣೆ ಮುಗಿದೈತೆ, ನಾಳೆ ಸಂತೆಯಿಂದ ತರಬೇಕಂತೆ."

ಮಾರನೆಯ ದಿನ ಎಣ್ಣೆ ಬಂತು. ಆಮೇಲೆ ದಿನವೂ ನಮ್ಮಿಬ್ಬರ ನಡುವೆ ನಾಯಿಯ ಮೂಲಕ ಮಾತು ನಡೆಯಿತು. ಅದು ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ಕಣ್ಣು ತಿರುಗಿಸುತ್ತಿತ್ತು. ಅತ್ತೆ ಒಳಗಿನಿಂದ, "ಪಾಪ, ಅದಕ್ಕೆ ರೋಗ ಸಾಲದು ಅಂತ ಊಳಿಗ ಬ್ಯಾರೆ ಹಚ್ಚ್ಯಾರ," ಎನ್ನುತ್ತಿದ್ದರು.

ಚಳಿ ಇಳಿಯುವ ಹೊತ್ತಿಗೆ ಗಂಜಿಯನ್ನು ತಾನೇ ನೆಕ್ಕತೊಡಗಿತು. ನನ್ನ ಹಳೇ ಸೀರೆಯೊಂದನ್ನು ಮಡಿಸಿ, ಅದರ ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಎತ್ತಿ ಹಿಡಿದು ಅಂಗಳದಲ್ಲಿ ನಡೆಸಿದೆ. ಮುಂಗಾಲು ನಡೆಯುತ್ತಿತ್ತು, ಹಿಂಗಾಲು ಎಳೆದುಕೊಂಡು ಬರುತ್ತಿತ್ತು. ಬೀದಿಯ ಹೆಂಗಸರು ನಕ್ಕರು: "ನಾಯಿಗೆ ಸೀರೆ ಉಡಿಸ್ಯಾಳ ನೋಡ್ರೇ ಸೊರಬದಾಕಿ!" ನಾನೂ ನಕ್ಕೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ತಾಯಿ ಸತ್ತ ಮರಿಯೊಂದು ಮನೆಯಲ್ಲೇ ಇತ್ತು. ಅದು ಜಿಗಿಯುತ್ತಾ ಕಟ್ಟೆಯಿಲ್ಲದ ಬಾವಿಯತ್ತ ಹೊರಟದ್ದು ನನಗೆ ಕಾಣಲಿಲ್ಲ. ಕೊಟ್ಟಿಗೆಯಿಂದ ಒಂದು ಬೊಗಳು ಕೇಳಿತು. ತಿರುಗಿದರೆ ನಾಯಿ ನಾಲ್ಕೂ ಕಾಲಿನ ಮೇಲೆ ನಿಂತಿದೆ! ತೂರಾಡುತ್ತಾ ಹೋಗಿ ಮರಿಗೆ ಅಡ್ಡ ನಿಂತಿತು. ಮರಿ ಹಿಂದಕ್ಕೆ ತಿರುಗಿದ ಮೇಲೆ ಕುಸಿದು ಕೂತಿತು. ನಾನು ಓಡಿಹೋಗಿ ಅದರ ಕುತ್ತಿಗೆ ತಬ್ಬಿ ಅತ್ತುಬಿಟ್ಟೆ. ಅದು ನನ್ನ ಕೈ ನೆಕ್ಕಿತು, ಮೊದಲ ಸಲ.

ಸಂಜೆ ಮಾವ ಅಂಗಳಕ್ಕೆ ಕಾಲಿಡುತ್ತಲೇ ರೂಢಿ ಮರೆತು ಕೂಗಿದೆ. "ಮಾವ, ನಾಯಿ ಎದ್ದು ನಿಂತಿತು! ತಾನೇ ಎದ್ದು ಮರಿ ತಿರುಗಿಸ್ತು!"

"ಹೌದೇನವ್ವಾ?" ಎಂದರು ಅವರು, ನನ್ನ ಮುಖವನ್ನೇ ನೋಡಿ. "ಎಲ್ಲಿ, ನನಗೂ ತೋರ್ಸು ಬಾ."

ಯುಗಾದಿಯ ಹೊತ್ತಿಗೆ ಅದು ಮಾವನ ಹಿಂದೆ ಕೆರೆ ಏರಿಯವರೆಗೆ ಹೋಗಿ ಬರುತ್ತಿತ್ತು. ಮುಂಗಾರು ಹಿಡಿಯುವಾಗ ಹಿಂಡಿನ ಜೊತೆ ಪೂರಾ ದಿನ ನಿಂತಿತು. ಒಂದು ಹಿಂಗಾಲಿನ ಎಳೆತ, ದವಡೆಯ ಅದುರು ಹೋಗಲಿಲ್ಲ. ಮೊದಲಿನ ಓಟ ಇರಲಿಲ್ಲವಾದ್ದರಿಂದ ಮಾವ ಕುರಿಗಳನ್ನೇ ನಿಧಾನಕ್ಕೆ ನಡೆಸಿದರು. ಮುಂದೆ ಅದು ಎಷ್ಟೋ ಮಳೆಗಾಲ ಕಂಡಿತು. ವಯಸ್ಸಾದ ಮೇಲೆ ಮನೆಯಲ್ಲೇ ಉಳಿದು ಎಳೆ ಮರಿಗಳನ್ನು ಕಾಯುತ್ತಿತ್ತು. ನನ್ನ ಮಗಳು ಅದರ ಬೆನ್ನು ಹಿಡಿದುಕೊಂಡೇ ನಡೆಯಲು ಕಲಿತಳು.