ಹಲಗೆ ತೊಳೆದ ನೀರು

ಕಳೆದ ವಾರ ಮಾನ್ವಿಯ ಗುಜರಿ ಅಂಗಡಿಯಲ್ಲಿ, ಹಳೆಯ ಬಾಗಿಲುಗಳ ಸಂದಿಯಲ್ಲಿ, ಬರೆಯುವ ಮರದ ಹಲಗೆಯೊಂದು ಸಿಕ್ಕಿತು. ಮೊಳದುದ್ದ, ಮೇಲೊಂದು ಹಿಡಿ. ಬೆವರಿದ ಕೈ ತಾಗಿದ್ದೇ ತಡ, ಹಲಗೆಗೆ ಬಳಿಯುವ ಮುಲ್ತಾನಿ ಮಣ್ಣಿನ ವಾಸನೆ ಎದ್ದಿತು. ಧೂಳಿನಡಿ ಮಸಿಯ ಎರಡು ಸಾಲು ಇನ್ನೂ ಇದ್ದವು, ನನಗೆ ಓದಲು ಬಾರದ ಅರಬ್ಬಿ ಅಕ್ಷರ. ಆದರೆ ಆ ವಾಸನೆ ಗೊತ್ತು... ಮೌಲಿಸಾಬರ ಕೈಯ ವಾಸನೆ.

ಮೌಲಿಸಾಬರು ರಾಯಚೂರಿನ ಕೋಟೆಯೊಳಗಿನ ಹಳೆಯ ಮದರಸಾದಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದರು. ನಾನು ಅದರ ರಿಪೇರಿಗೆ ಹೋದ ಹೊಸ ಓವರ್‌ಸೀಯರ್. ಕಟ್ಟಡ ಬಹಮನಿಯವರದು ಎನ್ನುವವರಿದ್ದರು, ಆದಿಲಶಾಹಿಯವರದು ಎನ್ನುವವರೂ ಇದ್ದರು; ಬಾಗಿಲ ಮೇಲಿನ ಶಾಸನ ಅರ್ಧ ಒಡೆದಿದ್ದರಿಂದ ಇಬ್ಬರೂ ಸೋಲುತ್ತಿರಲಿಲ್ಲ. ಕರಿಕಲ್ಲಿನ ಪಾಯ, ಗಚ್ಚಿನ ಗೋಡೆ, ನಡುವೆ ಅಂಗಳ, ಮೂರು ದಿಕ್ಕಿಗೂ ಕಮಾನಿನ ಕೋಣೆಗಳು. ಪ್ರತಿ ಕೋಣೆಯಲ್ಲಿ ಎರಡು ಗೂಡು: ಕೆಳಗಿನದು ದೀಪಕ್ಕೆ, ಮೇಲಿನದು ಪುಸ್ತಕಕ್ಕೆ. ಮಕ್ಕಳಿಗೆ ರಜೆಯಿದ್ದ ಆ ಹದಿನೈದು ದಿನ ಮೌಲಿಸಾಬರೇ ನನ್ನ ಟೇಪಿನ ಇನ್ನೊಂದು ತುದಿ ಹಿಡಿದರು.

ಅಂಗಳದಲ್ಲಿ ಎರಡು ಕಾಲುವೆಗಳಿದ್ದವು. ದೊಡ್ಡದು ಮಳೆನೀರನ್ನು ಬೀದಿಗೆ ಒಯ್ಯುತ್ತಿತ್ತು. ಇನ್ನೊಂದು ಗೇಣಗಲದ್ದು, ನುಣ್ಣಗೆ ಕೆತ್ತಿದ ಕಲ್ಲಿನದು. ಮೂಲೆಯ ದಾಳಿಂಬೆ ಗಿಡದ ಕಟ್ಟೆಯೊಳಗೆ ಮುಗಿಯುತ್ತಿತ್ತು. ನಕ್ಷೆಯಲ್ಲಿ ಎರಡಕ್ಕೂ ಮೋರಿ ಎಂದು ಬರೆದೆ. ಎರಡೇಕೆ ಎಂದು ಕೇಳಬೇಕೆನಿಸಲಿಲ್ಲ. ಎಲ್ಲ ಬಲ್ಲೆನೆಂಬ ವಯಸ್ಸು ಅದು.

ಅಳತೆ ಮುಗಿದ ಮೇಲೆ ಅವರು ದೇವದುರ್ಗದ ಮಗಳ ಮನೆಗೆ ಹೋದರು. ಅಷ್ಟರಲ್ಲಿ ನಾನು ಹೊಸ ಮೂತ್ರಖಾನೆಯ ಪೈಪನ್ನು ಆ ಸಣ್ಣ ಕಾಲುವೆಗೆ ಜೋಡಿಸಿ, ಕಟ್ಟೆಯಲ್ಲಿ ಇಂಗುಗುಂಡಿ ತೋಡಿಸಿದೆ. ಇಳಿಜಾರು ಸಿದ್ಧವಿತ್ತು, ಕೆಲಸ ಬೇಗ ಮುಗಿಯಿತು.

ವಾಪಸು ಬಂದವರು ಪೈಪು ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಇದನ್ನ ಇಲ್ಲಿಗ್ಯಾಕ ಕೂಡ್ಸೀರಿ, ಸಾಬ್?"

"ಹಳೇ ಮೋರಿ ಖಾಲಿ ಬಿದ್ದಿತ್ತಲ್ರೀ, ಮೌಲಿಸಾಬ್ರ."

"ಅದು ಮೋರಿ ಅಲ್ರಿ. ಮಕ್ಕಳು ಹಲಗಿ ತೊಳದ ನೀರು ಗಿಡಕ್ಕ ಹೋಗೋ ದಾರಿ. ಅದರಾಗ ದೇವರ ಮಾತು ಕರಗಿರ್ತದ. ಯಾರ ಕಾಲಿಗೂ ಸಿಗಬಾರದು ಅಂತ ಹಿರ್ಯಾರು ಕಟ್ಟಿಟ್ಟಾರ."

"ಮೊದಲ ಹೇಳಬಾರದಿತ್ತೇನ್ರಿ?"

"ಇಂಚಿಂಚೂ ಅಳದ್ರಿ ನೀವು. ಗೊತ್ತಿರಬೇಕು ಅನ್ಕೊಂಡೆ."

ಮಲ್ಲಟದ ನಮ್ಮ ಮನೆಯಲ್ಲೂ ಅವ್ವ ಪೂಜೆಯ ನೀರನ್ನು ಯಾರೂ ತುಳಿಯದಂತೆ ಕಣಗಿಲೆ ಗಿಡದ ಬುಡಕ್ಕೇ ಹಾಕುತ್ತಿದ್ದಳು. ನನಗೆ ತಿಳಿಯದ ವಿಷಯವೇನಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅಂದೇ ಪೈಪು ಕೀಳಿಸಿದೆ. ಆದರೆ ಹೊಲಸಾದ ಆ ದಾರಿಗೂ ಕಟ್ಟೆಗೂ ಹಲಗೆಯ ನೀರನ್ನು ಮತ್ತೆ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಕೇಳಿದವರಿಗೆಲ್ಲ ಕಲ್ಲು ಬಿರುಕು ಬಿಟ್ಟಿದೆ ಎಂದರು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನ್ನ ನೌಕರಿಯ ಮಾತಿರಲಿ, ಊರಿನ ನೆಮ್ಮದಿಯೂ ಉಳಿಯುತ್ತಿರಲಿಲ್ಲ.

ಶಾಲೆ ಶುರುವಾದ ಮೇಲೆ ಅವರೇ ದಿನಾ ಸಂಜೆ ಹಲಗೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು, ಕೋಟೆಯ ಹಿಂದಿನ ಪಾಳುಬಾವಿಗೆ ಸುರಿದು ಬರತೊಡಗಿದರು. ತುಳುಕದಂತೆ ಒಂದೊಂದೇ ಮೆಟ್ಟಿಲು... ನಾನು ಕೈಚಾಚಿದರೆ "ಬ್ಯಾಡ್ರಿ, ನಿಮಗ್ಯಾಕ ತ್ರಾಸು" ಎನ್ನುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಜಾರಿದರು. ಬಕೆಟ್ಟು ನೆಟ್ಟಗೇ ಇತ್ತಂತೆ, ಸೊಂಟ ಮುರಿದಿತ್ತು.

ಮಗಳು ದೇವದುರ್ಗಕ್ಕೆ ಕರೆದೊಯ್ದಳು. ನೋಡಲು ಹೋದಾಗ ಅವರು ಕೇಳಿದ್ದು ಒಂದೇ: "ಹಲಗಿ ನೀರು ಯಾರು ಒಯ್ಯಾಕತ್ತಾರ್ರಿ?"

ಅವರ ಜಾಗಕ್ಕೆ ಹೊಸದಾಗಿ ಬಂದವರು ಮಕ್ಕಳಿಗೆ ನೋಟುಬುಕ್ಕು ಕೊಟ್ಟು ಹಲಗೆಗಳನ್ನು ಮೂಲೆಗೆ ಹಾಕಿದ್ದರು. "ನಾನ ಒಯ್ಯಾಕತ್ತೀನ್ರಿ" ಎಂದೆ. ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು... ಆ ಸುಳ್ಳನ್ನು ನಂಬಿಕೊಂಡೇ ತೀರಿಹೋದರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತೆ ಫಲ ಕೇಳಿ ಬರುವುದಿಲ್ಲ.

ಈಗ ಮದರಸಾದ ಚಾವಣಿ ಕುಸಿದು ಬೀಗ ಬಿದ್ದಿದೆ. ದಾಳಿಂಬೆ ಒಣಗಿ ಎಷ್ಟೋ ವರ್ಷವಾಯಿತು. ಕಚೇರಿಯ ನಕ್ಷೆಯಲ್ಲಿ ಮಾತ್ರ ನನ್ನ ಕೈಬರಹ ಹಾಗೆಯೇ ಇದೆ. ಮುಂದೆ ಓದುವವರಿಗೆಲ್ಲ ಅದು ಮೋರಿಯೇ.

ಹಲಗೆಯನ್ನು ಮನೆಗೆ ತಂದ ದಿನ ಸೊಸೆ, "ಎಷ್ಟು ಧೂಳದ ಮಾವಾರ, ತೊಳದಿಡ್ರಿ" ಎಂದಳು. ತಂಬಿಗೆ ನೀರು ತಂದು ಅಂಗಳದಲ್ಲಿ ಕುಳಿತೆ. ಗೇಟಿನವರೆಗೂ ಸಿಮೆಂಟು, ನಾನೇ ನಿಂತು ಹಾಕಿಸಿದ್ದು. ಎತ್ತ ಸುರಿದರೂ ನೀರು ಬೀದಿಯ ಗಟಾರಕ್ಕೇ ಹೋಗುತ್ತದೆ. ಮಣ್ಣಿರುವ ಒಂದು ಗೇಣು ಜಾಗಕ್ಕಾಗಿ ಬಹಳ ಹೊತ್ತು ಹುಡುಕಿದೆ, ಸಿಗಲಿಲ್ಲ... ಕೊನೆಗೆ ತಂಬಿಗೆಯ ನೀರನ್ನು ನಾನೇ ಕುಡಿದು, ಹಲಗೆಯನ್ನು ತೊಳೆಯದೆ ಒಳಗಿಟ್ಟೆ.