ಸಿಸ್ಟರಮ್ಮನ ನೇರಳೆ ಪೆನ್ನು
ನಮ್ಮ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಬ್ಲೇಡಿಗಿಂತ ಮೊದಲು ಸಿಸ್ಟರಮ್ಮನ ನೇರಳೆ ಪೆನ್ನು ಓಡಬೇಕು. ಸ್ತನ ಕ್ಯಾನ್ಸರಿನ ಹೆಂಗಸರಿಗೆ ಕೀಮೋ ಔಷಧಿ ಹರಿಸಲು ಹೆಗಲಿಗಿಂತ ತುಸು ಕೆಳಗೆ, ಎದೆಯ ಚರ್ಮದಡಿ, ಕೋಟಿನ ಗುಂಡಿಯಷ್ಟಗಲದ ಪೋರ್ಟ್ ಎಂಬ ಸಾಧನ ಕೂರಿಸುವ ದಿನ ಸಿಸ್ಟರಮ್ಮನ ವಿಚಾರಣೆ ಪೊಲೀಸರನ್ನೂ ನಾಚಿಸುತ್ತದೆ. "ದಿನಾ ಹಾಕೋ ಬ್ರಾನೇ ಹಾಕ್ಕೊಂಡು ಬಂದಿದೀರಾ ತಾನೇ? ಪಟ್ಟಿ ಎಲ್ಲಿ ಕೂರುತ್ತೆ ತೋರ್ಸಿ. ಬ್ಯಾಗು ಯಾವ ಹೆಗಲಿಗೆ? ಮಲಗೋದು ಯಾವ ಮಗ್ಗುಲಿಗೆ? ಮೊಮ್ಮಗೂನ ಎತ್ಕೊಂಡ್ರೆ ತಲೆ ಎಲ್ಲಿಗೆ ಬರುತ್ತೆ?" "ಮಗಳಿಗಿನ್ನೂ ಮದುವೇನೇ ಆಗಿಲ್ಲ ಸಿಸ್ಟರ್." "ಆಗುತ್ತೆ, ಎತ್ಕೋತೀರ, ತೋರ್ಸಿ!" ದಿಂಬನ್ನೇ ಮಗುವಿನಂತೆ ಎತ್ತಿಸಿ ನೋಡಿದ ಮೇಲಷ್ಟೇ ಪಟ್ಟಿಯಿಂದ ಎರಡು ಬೆರಳು ಆಚೆ ಪೋರ್ಟಿನ ಜಾಗಕ್ಕೆ ಗುರುತು ಹಾಕುತ್ತಾರೆ. ಇಡೀ ಆಸ್ಪತ್ರೆಯನ್ನು ಗದರುವ ದೊಡ್ಡ ಡಾಕ್ಟರು ಅಷ್ಟು ಹೊತ್ತೂ ಬಾಗಿಲಲ್ಲಿ ಕೈಕಟ್ಟಿ ಕಾಯುತ್ತಾರೆ. ಯಾಕೆಂದು ಸಿಸ್ಟರಮ್ಮನ ಕೈಕೆಳಗಿನ ನರ್ಸ್ ಆದ ನನಗೆ ತಿಳಿದದ್ದು, ಒಂದು ಸಂಜೆ ಡ್ಯೂಟಿ ಮುಗಿಸಿ ನಾವಿಬ್ಬರೂ ಬಟ್ಟೆ ಬದಲಿಸುವಾಗ. ಸಿಸ್ಟರಮ್ಮನ ಬ್ರಾ ಪಟ್ಟಿಯ ನೇರ ಅಡಿಯಲ್ಲಿ, ಉಜ್ಜಿ ಉಜ್ಜಿ ಕಪ್ಪಿಟ್ಟ ಹಳೆಯ ಗಾಯದ ಕಲೆಯಿತ್ತು. "ನಂಗೆ ಪೋರ್ಟ್ ಹಾಕಿದ್ದು ನಮ್ಮ ದೊಡ್ಡ ಡಾಕ್ಟ್ರೇ," ಎಂದರು. "ಅವತ್ತು ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಾಳೆ ಮೂರು ಜನ ಇದಾರೆ, ಹೊಸ ಪೆನ್ನು ತೆಗೆದಿಡು."